ಜೈಲಿಂದ ಬಂದವರಿಗೆ ಟ್ರೈನಿಂಗ್ ಸೆಂಟರ್ ಮಾಡ್ಬೇಕಾ? ಮೊದಲು ಕೆಲಸ ಕೊಡೋ ಮಾಲೀಕನ್ನ ಹುಡುಕಿ

ಪ್ರಶ್ನೆ: ನಾವು ದಾವಣಗೆರೆಯಲ್ಲಿ ನಾಲ್ಕೈದು ಜನ ರಿಟೈರ್ಡ್ ಸ್ನೇಹಿತರು ಸೇರಿ ಒಂದು ಸಣ್ಣ ಟ್ರಸ್ಟ್ ನಡೆಸ್ತಿದೀವಿ. ಹಳೇ ಊರಲ್ಲಿ ಒಂದು ಬಿಲ್ಡಿಂಗ್ ಖಾಲಿ ಇದೆ, ಕೈಯಲ್ಲಿ 4 ಲಕ್ಷ ರೂಪಾಯಿ ಇದೆ. ಜೈಲಿಂದ ಬಿಡುಗಡೆ ಆದವರಿಗೆ ಫ್ರೀಯಾಗಿ ಕೆಲಸ ಕಲಿಸೋ ಸೆಂಟರ್ ಮಾಡೋಣ ಅಂತಿದೀವಿ. ಹತ್ತು ಹೊಲಿಗೆ ಮೆಷಿನ್, ಐದು ಕಂಪ್ಯೂಟರ್, ಮೂರು ತಿಂಗಳ ಕೋರ್ಸು, ಕೊನೇಗೆ ಸರ್ಟಿಫಿಕೇಟ್, ಇದು ನಮ್ ಪ್ಲಾನು. ಇದು ನಡೆಯುತ್ತಾ? ಯಾವ ಕೆಲಸ ಕಲಿಸಿದ್ರೆ ಒಳ್ಳೇದು? ಜನ ಎಲ್ಲಿ ಸಿಗ್ತಾರೆ? ಏರಿಯಾದವರು ಗಲಾಟೆ ಮಾಡ್ತಾರಾ? ನಮ್ಮ ಟ್ರಸ್ಟಿಗಳಲ್ಲೇ ಒಬ್ಬರು "ಒಳ್ಳೇ ಹುಡುಗರಿಗೇ ಕೆಲಸ ಇಲ್ಲ, ಕಳ್ಳರಿಗೆ ಯಾಕ್ರೀ" ಅಂತಿದಾರೆ, ಅವರಿಗೆ ಏನ್ ಹೇಳೋದು?

ಉತ್ತರ: ನೇರವಾಗೇ ಹೇಳ್ಬಿಡ್ತೀನಿ, ಆ ಹತ್ತು ಮೆಷಿನ್ ತಗೋಬೇಡಿ. ಕಂಪ್ಯೂಟರಂತೂ ಬೇಡ್ವೇ ಬೇಡ. ದುಡ್ಡು ಹಾಗೇ ಇರ್ಲಿ, ಇದನ್ನ ಪೂರ್ತಿ ಓದಿ ಆಮೇಲೆ ಟ್ರಸ್ಟ್ ಮೀಟಿಂಗ್ ಕರೀರಿ.

ಯಾಕಂದ್ರೆ ನಮ್ ಕಡೆ ಈ ಥರ ಸೆಂಟರುಗಳು ಹೆಂಗ್ ನಡೀತವೆ ಅಂತ ನೋಡ್ತಾ ಬಂದಿದೀನಿ. ಉದ್ಘಾಟನೆ ದಿನ ಹತ್ತು ಜನ ಇರ್ತಾರೆ, ಎರಡನೇ ವಾರಕ್ಕೆ ಅರ್ಧ, ತಿಂಗಳಿಗೆ ಇಬ್ಬರು ಮೂವರು, ಆಮೇಲೆ ಮೆಷಿನ್ ಮೇಲೆ ಧೂಳು. ಬರದೇ ಇರೋರಿಗೆ ಸೋಮಾರಿ ಅಂತ ಹೆಸರು. ಆದ್ರೆ ವಿಷಯ ಅದಲ್ಲ. ಒಳಗಿದ್ದು ಹೊರಗೆ ಬಂದವನಿಗೆ ಮೊದಲ ದಿನದಿಂದ್ಲೇ ಸಾಲ ಇರುತ್ತೆ, ವಕೀಲರ ಫೀಸು ಬಾಕಿ, ಶ್ಯೂರಿಟಿ ಹಾಕಿದವರ ಋಣ, ಹೆಂಡ್ತಿ ಒಡವೆ ಗಿರವಿಯಲ್ಲಿ, ಮನೇಲಿ ಮಕ್ಕಳು ಇವನ ಮುಖ ನೋಡ್ತಾ ಕೂತಿರ್ತವೆ, ಅಂಥವನಿಗೆ ನೀವು ಮೂರು ತಿಂಗಳು ಕೂತು ಕಲಿ ಆಮೇಲೆ ಕೆಲಸ ಸಿಗಬಹುದು ಅಂದ್ರೆ ಅವನು ಸಂಜೆ ಅಕ್ಕಿಗೆ ಏನ್ ಮಾಡ್ಬೇಕು? ಮಾರನೇ ದಿನ ಎಪಿಎಂಸಿಗೆ ಹಮಾಲಿಗೋ, ಮಂಡಕ್ಕಿ ಭಟ್ಟಿಗೋ ಹೋಗ್ತಾನೆ. ಅಲ್ಲಿ ಯಾರೂ ಏನೂ ಕೇಳಲ್ಲ, ಸಂಜೆ ಕೈಗೆ ಕಾಸು ಬರುತ್ತೆ. ಅಥವಾ ಹಳೇ ದೋಸ್ತಿಗಳ ಹತ್ರ ಹೋಗ್ತಾನೆ, ಅವರೂ ಏನೂ ಕೇಳಲ್ಲ.

ಅದಕ್ಕೇ ನಾನು ಹೇಳೋದು, ನಿಮ್ಮ ಪ್ಲಾನನ್ನ ಉಲ್ಟಾ ಮಾಡಿ. ಮೊದಲು ಕೆಲಸ ಕೊಡೋಕೆ ಒಪ್ಪಿರೋ ಅಂಗಡಿ ಮಾಲೀಕ, ಆಮೇಲೆ ಆ ಅಂಗಡಿಯಲ್ಲೇ ಕಲಿಕೆ, ಕಲಿಯೋವಾಗ್ಲೇ ಕೂಲಿ, ಸರ್ಟಿಫಿಕೇಟು ಎಲ್ಲಕ್ಕಿಂತ ಕೊನೇಗೆ. ನಿಮ್ ಬಿಲ್ಡಿಂಗು ಕ್ಲಾಸ್ ರೂಮ್ ಆಗೋದು ಬೇಡ, ಒಂದು ಟೇಬಲ್, ನಾಲ್ಕು ಕುರ್ಚಿ, ಒಂದು ಬೀರು ಇರೋ ಆಫೀಸ್ ಆಗ್ಲಿ ಸಾಕು.

"ಕಳ್ಳರಿಗೆ ಯಾಕೆ" ಅನ್ನೋ ಟ್ರಸ್ಟಿಗೆ ಒಂದು ಲೆಕ್ಕ ತೋರಿಸಿ. ಕೇಂದ್ರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯ 2022ರ ಜೈಲು ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು, ಅಂದ್ರೆ ನೂರಕ್ಕೆ 75ಕ್ಕಿಂತ ಹೆಚ್ಚು ಜನಕ್ಕೆ ಇನ್ನೂ ತೀರ್ಪೇ ಬಂದಿಲ್ಲ. ದಾವಣಗೆರೆ, ಚಿತ್ರದುರ್ಗದಂಥ ಜಿಲ್ಲಾ ಜೈಲುಗಳಲ್ಲಿ ಸಿಗೋರು ಬಹುತೇಕ ಇವರೇ. ದೊಡ್ಡ ಶಿಕ್ಷೆ ಆದವರನ್ನ ಶಿವಮೊಗ್ಗ, ಬಳ್ಳಾರಿ ಥರ ಸೆಂಟ್ರಲ್ ಜೈಲುಗಳಿಗೆ ಕಳಿಸ್ತಾರೆ. ಇಷ್ಟು ಹೇಳಿದ ಮೇಲೂ ಅವರು ಒಪ್ಪದಿದ್ರೆ ವಾದ ಮಾಡ್ಬೇಡಿ, ಟ್ರಸ್ಟಿನ ಬೇರೆ ಕೆಲಸ ಅವರಿಗೆ ವಹಿಸಿ. ಮನಸ್ಸಿಲ್ಲದೋರು ಈ ಕೆಲಸದಲ್ಲಿ ಇದ್ರೆ ಬಂದವನ ಮುಖ ನೋಡೋ ರೀತಿಯಲ್ಲೇ ಅವನಿಗೆ ಗೊತ್ತಾಗ್ಬಿಡುತ್ತೆ, ಎರಡನೇ ಸಲ ಬರಲ್ಲ.

ಹಂಗಾಗಿ ನಿಮ್ ಹತ್ರ ಎರಡು ಥರದ ಜನ ಬರ್ತಾರೆ. ಒಬ್ಬರು ಕೆಲವು ತಿಂಗಳು ಒಳಗಿದ್ದು ಬೇಲ್ ಮೇಲೆ ಬಂದವರು, ಕೇಸು ಇನ್ನೂ ನಡೀತಿರುತ್ತೆ, ವಯಸ್ಸು ಚಿಕ್ಕದು, ಕೈಗೆ ಕೆಲಸ ಇರಲ್ಲ. ಇನ್ನೊಬ್ಬರು ವರ್ಷಗಟ್ಟಲೆ ಶಿಕ್ಷೆ ಮುಗಿಸಿ ಅಥವಾ ಸನ್ನಡತೆ ಮೇಲೆ ಬಂದವರು. ಇವರಿಗೆ ಕೆಲಸ ಬರುತ್ತೆ, ಸೆಂಟ್ರಲ್ ಜೈಲಲ್ಲಿ ಬಡಗಿ ಕೆಲಸ, ಟೈಲರಿಂಗ್, ನೇಯ್ಗೆ ಏನಾದ್ರೂ ಕಲಿತಿರ್ತಾರೆ, ಶಿಸ್ತೂ ಇರುತ್ತೆ, ಆದ್ರೆ ಹೊರಗಿನ ಲೋಕ ಬದಲಾಗಿರುತ್ತೆ. ಫೋನ್‌ಪೇಯಲ್ಲಿ ದುಡ್ಡು ಬಂತೋ ಇಲ್ವೋ ಅಂತ ನೋಡೋಕೆ ಬರಲ್ಲ, ಬಸ್ ಸ್ಟ್ಯಾಂಡಲ್ಲಿ ಯಾವ ಕಡೆ ನಿಲ್ಬೇಕು ಗೊತ್ತಾಗಲ್ಲ, ಯಾರಾದ್ರೂ ಜೋರಾಗಿ ಕರೆದ್ರೆ ಎದ್ದು ನಿಂತ್ಕೊಂಡ್ಬಿಡ್ತಾರೆ. ಮೊದಲನೇ ಥರದವರಿಗೆ ಕೆಲಸ ಕಲಿಸ್ಬೇಕು, ಎರಡನೇ ಥರದವರಿಗೆ ಕಲಿತ ಕೆಲಸಕ್ಕೆ ಜಾಗ ಹುಡುಕ್ಬೇಕು. ಇಬ್ಬರನ್ನೂ ಒಂದೇ ಕ್ಲಾಸಲ್ಲಿ ಕೂರಿಸಿದ್ರೆ ಇಬ್ಬರಿಗೂ ಉಪಯೋಗ ಇಲ್ಲ.

ಈಗ ಯಾರೂ ಹೇಳದೇ ಇರೋ ಮೊದಲನೇ ಕೆಲಸ: ಕಾಗದ ಪತ್ರ. ಒಬ್ಬ ವರ್ಷ ಒಳಗಿದ್ದು ಬಂದ ಅನ್ಕೊಳ್ಳಿ. ಅವನ ಸಿಮ್ ರೀಚಾರ್ಜ್ ಇಲ್ಲದೇ ಸತ್ತಿರುತ್ತೆ, ಸುಮಾರು 90 ದಿನ ಬಳಸದಿದ್ರೆ ನಂಬರನ್ನೇ ತೆಗೆದು ಇನ್ಯಾರಿಗೋ ಕೊಟ್ಬಿಡ್ತಾರೆ. ಆಧಾರಿಗೆ ಲಿಂಕ್ ಆಗಿದ್ದು ಅದೇ ನಂಬರು. ಈಗ ಅವನು ಸೈಬರ್ ಸೆಂಟರಿಗೆ ಹೋಗಿ ಏನೇ ಅರ್ಜಿ ಹಾಕೋಕೆ ಹೋದ್ರೂ ಓಟಿಪಿ ಅಪರಿಚಿತನ ಫೋನಿಗೆ ಹೋಗುತ್ತೆ, ಸೈಬರ್ ಹುಡುಗ "ಓಟಿಪಿ ಹೇಳಣ್ಣ" ಅಂತಾನೆ, ಇವನು ಬೆಪ್ಪಾಗಿ ನಿಂತಿರ್ತಾನೆ, ಹಿಂದೆ ಕ್ಯೂ. ನಾಚಿಕೆ ಆಗಿ ವಾಪಸ್ ಬರ್ತಾನೆ, ಮತ್ತೆ ಆ ಕಡೆ ಹೋಗಲ್ಲ. ಪರಿಹಾರ ಸುಲಭ ಇದೆ. ಹೊಸ ಸಿಮ್ ತಗೊಂಡು ಆಧಾರ್ ಸೇವಾ ಕೇಂದ್ರಕ್ಕೆ ಖುದ್ದು ಹೋಗಿ ಬೆರಳಚ್ಚು ಕೊಟ್ರೆ ನಂಬರ್ ಬದಲಾಗುತ್ತೆ, ಅದಕ್ಕೆ ಹಳೇ ನಂಬರೂ ಬೇಡ ಬೇರೆ ದಾಖಲೆಯೂ ಬೇಡ, ಸಣ್ಣ ಫೀಸು ಅಷ್ಟೇ. ಆದ್ರೆ ಜೊತೇಲಿ ಒಬ್ಬರು ಹೋಗ್ಬೇಕು. ಬ್ಯಾಂಕ್ ಅಕೌಂಟ್ ಎರಡು ವರ್ಷ ವಹಿವಾಟಿಲ್ಲದೇ ಇದ್ರೆ ನಿಷ್ಕ್ರಿಯ ಅಂತ ಹಾಕಿರ್ತಾರೆ, ಕೆವೈಸಿ ಕೊಟ್ಟು ಮತ್ತೆ ಶುರು ಮಾಡಿಸ್ಬೇಕು. ಡಿಎಲ್ ಅವಧಿ ಮುಗಿದು ಒಂದು ವರ್ಷ ದಾಟಿದ್ರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡ್ಬೇಕು. ನಿಮ್ಮಲ್ಲಿ ರಿಟೈರ್ಡ್ ಬ್ಯಾಂಕಿನವರೋ ಗುಮಾಸ್ತರೋ ಇದ್ರೆ ಅವರೇ ಈ ಕೆಲಸಕ್ಕೆ ಸರಿ. ಟ್ರೈನಿಂಗ್ ಅಂತ ಬೋರ್ಡ್ ಹಾಕದೇ ಬರೀ ಇಷ್ಟೇ ಮಾಡಿದ್ರೂ ಅರ್ಧ ಉಪಕಾರ ಆದಂಗೆ.

ಎರಡನೇದು ಕೋರ್ಟ್ ಡೇಟು. ಬೇಲ್ ಮೇಲಿರೋ ಯಾವ ಹುಡುಗನ ಶರ್ಟ್ ಜೇಬು ನೋಡಿ, ವಕೀಲರ ಗುಮಾಸ್ತ ಬರೆದುಕೊಟ್ಟ ಒಂದು ಚೀಟಿ ಇರುತ್ತೆ, ಮುಂದಿನ ಡೇಟು, ಕೇಸ್ ನಂಬರು, ಯಾವ ಕೋರ್ಟು ಅಂತ. ಆ ಚೀಟಿ ಬೆವರಿಗೆ ಅಳಿಸಿಹೋಯ್ತು ಅಂದ್ರೆ ಡೇಟ್ ತಪ್ಪಿತು, ಡೇಟ್ ತಪ್ಪಿದ್ರೆ ವಾರಂಟ್, ವಾರಂಟ್ ಅಂದ್ರೆ ಮತ್ತೆ ಒಳಗೆ, ಅಲ್ಲಿಗೆ ನಿಮ್ಮ ಟ್ರೈನಿಂಗೂ ಮುಗೀತು. ಹೊಸ ತಪ್ಪೇನೂ ಮಾಡದೇ ಬರೀ ಡೇಟ್ ತಪ್ಪಿಸಿಕೊಂಡೇ ವಾಪಸ್ ಹೋಗೋರು ಇದಾರೆ. ಹಂಗಾಗಿ ನಿಮ್ ಆಫೀಸ್ ಗೋಡೆ ಮೇಲೆ ಒಂದು ದೊಡ್ಡ ಕ್ಯಾಲೆಂಡರ್ ಇರ್ಲಿ, ಎಲ್ಲರ ಡೇಟು ಅದರಲ್ಲಿ ಬರೀರಿ, ಹಿಂದಿನ ದಿನ ಫೋನ್ ಮಾಡಿ. ನಿಜವಾಗ್ಲೂ ಬರೋಕೆ ಆಗ್ದಿದ್ರೆ ಆ ದಿನದ ಹಾಜರಾತಿಗೆ ವಿನಾಯ್ತಿ ಕೇಳಿ ವಕೀಲರು ಅರ್ಜಿ ಹಾಕಬಹುದು, ಹಳೇ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ 317ನೇ ಸೆಕ್ಷನ್, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 355ನೇ ಸೆಕ್ಷನ್. ಕೆಲವರಿಗೆ ಠಾಣೆಗೆ ಹೋಗಿ ಸಹಿ ಮಾಡೋ ಕಂಡೀಷನ್ ಇರುತ್ತೆ, ಅದನ್ನೂ ಮಾಲೀಕನಿಗೆ ಮೊದಲೇ ಹೇಳಿರ್ಬೇಕು, ಇಲ್ಲಾಂದ್ರೆ ಅವನು "ಈತ ವಾರಕ್ಕೊಂದಿನ ಎಲ್ಲೋ ಹೋಗ್ತಾನಪ್ಪ" ಅಂತ ಅನುಮಾನ ಪಡ್ತಾನೆ.

ದುಡ್ಡಿನ ಮಾತಿಗೆ ಬರೋ ಮುಂಚೆ ಹೊರಗಿನ ಒಂದು ಉದಾಹರಣೆ ಹೇಳ್ತೀನಿ, ಯಾಕಂದ್ರೆ ಇಷ್ಟು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ ಕೇಸು ಈ ಕ್ಷೇತ್ರದಲ್ಲಿ ಅಪರೂಪ. ನ್ಯೂಯಾರ್ಕಲ್ಲಿ ಸೆಂಟರ್ ಫಾರ್ ಎಂಪ್ಲಾಯ್‌ಮೆಂಟ್ ಆಪರ್ಚುನಿಟೀಸ್ ಅಂತ ಒಂದು ಸಂಸ್ಥೆ ಇದೆ. ಜೈಲಿಂದ ಬಂದವರಿಗೆ ತಕ್ಷಣ ಏನಾದ್ರೂ ಒಂದು ತಾತ್ಕಾಲಿಕ ಕೆಲಸ ಕೊಟ್ಟು, ಆಯಾ ದಿನವೇ ಸಂಬಳ ಕೊಟ್ಟು, ಜೊತೆಗೆ ಪರ್ಮನೆಂಟ್ ಕೆಲಸ ಹುಡುಕಿಕೊಡೋ ಪದ್ಧತಿ ಅವರದ್ದು. ಎಂಡಿಆರ್‌ಸಿ ಅನ್ನೋ ಸಂಶೋಧನಾ ಸಂಸ್ಥೆಯವರು ಬಂದವರನ್ನ ಲಾಟರಿ ಥರ ಎರಡು ಗುಂಪು ಮಾಡಿ ಮೂರು ವರ್ಷ ಹಿಂಬಾಲಿಸಿದ್ರು. ಕೆಲಸ ಸಿಗೋ ವಿಷಯದಲ್ಲಿ ಮೊದಲ ವರ್ಷ ದಾಟಿದ ಮೇಲೆ ಎರಡು ಗುಂಪಿಗೂ ಅಂಥ ವ್ಯತ್ಯಾಸವೇ ಉಳೀಲಿಲ್ಲ. ಆದ್ರೆ ಬಿಡುಗಡೆ ಆಗಿ ಮೂರು ತಿಂಗಳೊಳಗೆ ಬಂದು ಸೇರಿಕೊಂಡವರು ಮತ್ತೆ ಜೈಲಿಗೆ ಹೋಗೋದು ಮಾತ್ರ ಕಮ್ಮಿ ಆಗಿತ್ತು. ತಡವಾಗಿ ಸೇರಿದವರಲ್ಲಿ ಆ ಲಾಭ ಕಾಣಲಿಲ್ಲ. ನಮ್ ಊರಿಗೆ ಇದನ್ನ ಹಾಗ್ಹಾಗೇ ಎತ್ತಿ ಇಡೋಕಾಗಲ್ಲ, ಆದ್ರೆ ಬಿಡುಗಡೆ ಆದ ಮೊದಲ ಮೂರು ತಿಂಗಳೇ ಮುಖ್ಯ ಅನ್ನೋದು ನಾನಿಲ್ಲಿ ನೋಡಿರೋದಕ್ಕೂ ಸರಿಹೊಂದುತ್ತೆ. ನಿಮ್ಮ ಮುಂದಿನ ಬ್ಯಾಚು ಜೂನಲ್ಲಿ ಶುರು, ಅಲ್ಲೀವರೆಗೂ ಕಾಯಿ ಅಂತ ಫೆಬ್ರವರಿಯಲ್ಲಿ ಬಂದವನಿಗೆ ಹೇಳೋ ಹಂಗಿಲ್ಲ. ಬ್ಯಾಚ್ ಅನ್ನೋ ಪದ್ಧತಿಯೇ ಇಲ್ಲಿ ಕೆಲಸಕ್ಕೆ ಬರಲ್ಲ.

ಸರಿ, 4 ಲಕ್ಷದ ಲೆಕ್ಕ. ನಾನಾಗಿದ್ರೆ ಹಿಂಗ್ ಮಾಡ್ತೀನಿ. ಅಂಗಡಿಯಲ್ಲಿ ಕಲಿಯೋನಿಗೆ ದಿನಕ್ಕೆ 400 ರೂಪಾಯಿ ಅಂದ್ಕೊಳ್ಳಿ, 26 ದಿನಕ್ಕೆ 10,400. ಮೊದಲ ತಿಂಗಳು ಪೂರ್ತಿ ಟ್ರಸ್ಟಿಂದ, ಎರಡನೇ ತಿಂಗಳು ಅರ್ಧ ಟ್ರಸ್ಟು ಅರ್ಧ ಮಾಲೀಕ, ಮೂರನೇ ತಿಂಗಳು ಟ್ರಸ್ಟಿಂದ ಕಾಲು ಭಾಗ ಅಷ್ಟೇ. ಒಬ್ಬನಿಗೆ ಟ್ರಸ್ಟಿಗೆ ಬೀಳೋ ಖರ್ಚು 18,200, ಹತ್ತು ಜನಕ್ಕೆ 1,82,000. ಓಡಾಡೋಕೆ ಒಬ್ಬ ಹುಡುಗ ಬೇಕು, ಜೈಲು, ಕೋರ್ಟು, ಅಂಗಡಿ, ಮನೆ ಅಂತ ಸುತ್ತೋನು, ತಿಂಗಳಿಗೆ 15,000 ಅಂದ್ರೂ ಎಂಟು ತಿಂಗಳಿಗೆ 1,20,000. ಉಳಿದ 98,000ದಲ್ಲಿ ಆಧಾರು, ಸಿಮ್ಮು, ಬಸ್ ಚಾರ್ಜು, ಆಸ್ಪತ್ರೆ, ಕೊನೇಗೆ ಟೂಲ್ಸು. ಈ ಓಡಾಡೋ ಹುಡುಗನ ಸಂಬಳ ನೋಡಿ ಟ್ರಸ್ಟಿಗಳು ಮುಖ ಸಿಂಡರಿಸ್ತಾರೆ ಅಂತ ಗೊತ್ತು. ಆದ್ರೆ ಅವನಿಲ್ಲದಿದ್ರೆ ಉಳಿದ ಅಷ್ಟೂ ದುಡ್ಡು ನೀರಲ್ಲಿ ಹೋಮ ಮಾಡಿದಂಗೆ. ಇನ್ನೊಂದು, ಬಟವಾಡೆ ವಾರಕ್ಕೊಂದ್ಸಲ ಆಗ್ಲೇಬೇಕು, ಮೊದಲ ಎರಡು ವಾರ ದಿನದ ದಿನವೇ ಕೊಟ್ರೆ ಇನ್ನೂ ಒಳ್ಳೇದು.

ಮಾಲೀಕ ಸ್ವಲ್ಪ ದೊಡ್ಡವನಾಗಿದ್ರೆ, ಅಂದ್ರೆ ನಾಲ್ಕು ಅಥವಾ ಹೆಚ್ಚು ಜನ ಕೆಲಸಕ್ಕಿದ್ರೆ, ಹುಡುಗನನ್ನ ಅಪ್ರೆಂಟಿಸ್ ಅಂತ ರಿಜಿಸ್ಟರ್ ಮಾಡಿಸಬಹುದು. ಅಪ್ರೆಂಟಿಸ್‌ಗಳಿಗೆ ಅಂತಲೇ ಇರೋ ಕೇಂದ್ರದ ಎನ್‌ಎಪಿಎಸ್ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ ಸರ್ಕಾರ ಹಾಕುತ್ತೆ. ಸಣ್ಣ ಅಂಗಡಿಗಳಿಗೆ ಇದು ಅನ್ವಯ ಆಗಲ್ಲ, ತಲೆ ಕೆಡಿಸ್ಕೋಬೇಡಿ.

ಯಾವ ಕೆಲಸ ಅಂತ ಕೇಳಿದೀರಿ. ಯಾವ ಕೆಲಸದ ಬಾಗಿಲಲ್ಲಿ ಪೊಲೀಸ್ ವೆರಿಫಿಕೇಶನ್ ಕೂತಿದೆಯೋ ಅದನ್ನ ಮೊದಲೇ ಬಿಟ್ಬಿಡಿ. ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ಪ್ರಕಾರ ಪೂರ್ವಾಪರ ನೋಡ್ಲೇಬೇಕು. ಆಟೋ, ಟ್ಯಾಕ್ಸಿ ಪ್ಯಾಸೆಂಜರ್ ಬ್ಯಾಡ್ಜಿಗೂ ಅದೇ ಕಥೆ. ಆಪ್ ಡೆಲಿವರಿ ಕಂಪ್ನಿಗಳೂ ಚೆಕ್ ಮಾಡಿಸ್ತಾವೆ. ಕಂಪ್ಯೂಟರ್ ಕಲಿಸಿದ್ರೆ ಆಫೀಸ್ ಕೆಲಸ, ಆಫೀಸಿಗೆ ಬಯೋಡೇಟಾ, ಬಯೋಡೇಟಾದಲ್ಲಿ ಎರಡು ವರ್ಷ ಖಾಲಿ, "ಈ ಎರಡು ವರ್ಷ ಏನ್ ಮಾಡ್ತಿದ್ರಿ?" ಅನ್ನೋ ಪ್ರಶ್ನೆ. ಯಾಕ್ ಬೇಕು? ಟೈಲರಿಂಗ್ ಬಗ್ಗೆ ನಂಗೇನೂ ದ್ವೇಷ ಇಲ್ಲ, ಜೈಲಲ್ಲೇ ಚೆನ್ನಾಗಿ ಕಲಿತು ಬಂದವರಿಗೆ ಗಾರ್ಮೆಂಟ್ಸಲ್ಲಿ ಜಾಗ ಸಿಗುತ್ತೆ, ಆದ್ರೆ ಹೊಸಬನಿಗೆ ಮೂರು ತಿಂಗಳಲ್ಲಿ ಹೊಟ್ಟೆ ತುಂಬೋ ಕೆಲಸ ಅದಲ್ಲ. ಟೈಲರಿಂಗ್ ಸೆಂಟರುಗಳು ಇಷ್ಟೊಂದು ಇರೋದು ಮೆಷಿನ್ ದಾನ ಮಾಡೋದು ಸುಲಭ, ಫೋಟೋಗೂ ಚೆನ್ನಾಗಿ ಕಾಣುತ್ತೆ ಅಂತ, ಇದು ನನ್ನ ಅಭಿಪ್ರಾಯ.

ದಾವಣಗೆರೆ, ಚಿತ್ರದುರ್ಗ, ನಮ್ ಈ ಎರಡು ಜಿಲ್ಲೆಗೆ ಹೇಳಿ ಮಾಡಿಸಿದ್ದು ಮೋಟ್ರು ವೈಂಡಿಂಗ್, ಅಂದ್ರೆ ಸುಟ್ಟ ಪಂಪ್ ಮೋಟ್ರಿಗೆ ಹೊಸ ತಂತಿ ಸುತ್ತೋ ಕೆಲಸ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಜಗಳೂರು, ಚನ್ನಗಿರಿ, ಎಲ್ಲಿ ನೋಡಿದ್ರೂ ಬೋರು. ವೋಲ್ಟೇಜ್ ಕಮ್ಮಿ ಆದ್ರೂ, ಮೂರು ಫೇಸಲ್ಲಿ ಒಂದು ಹೋದ್ರೂ ಕಾಯಿಲ್ ಸುಟ್ಟೋಗುತ್ತೆ. ಫೆಬ್ರವರಿಯಿಂದ ಮೇವರೆಗೂ ವೈಂಡಿಂಗ್ ಅಂಗಡಿ ಮುಂದೆ ಮೋಟ್ರುಗಳು ಸಾಲಾಗಿ ಮಲಗಿರ್ತವೆ, ಅಂಗಡಿಯವನಿಗೆ ಊಟಕ್ಕೆ ಏಳೋಕೆ ಪುರುಸೊತ್ತಿರಲ್ಲ. ಕೆಲಸ ಹೆಂಗಿರುತ್ತೆ ಅಂದ್ರೆ, ಸುಟ್ಟ ಕಾಯಿಲ್ ಕೀಳ್ತಾ ಎಷ್ಟು ಸುತ್ತಿತ್ತು ಅಂತ ಎಣಿಸಿ ಬರ್ಕೋಬೇಕು, ತಂತಿ ಯಾವ ಗೇಜು ಅಂತ ಮೈಕ್ರೋಮೀಟರಲ್ಲಿ ಅಳೀಬೇಕು, ಸ್ಲಾಟುಗಳನ್ನ ಕೆರೆದು ಕ್ಲೀನ್ ಮಾಡಿ ಇನ್ಸುಲೇಶನ್ ಪೇಪರ್ ಅಳತೆಗೆ ಕತ್ತರಿಸಿ ಕೂರಿಸಬೇಕು, ಹೊಸ ಕಾಯಿಲ್ ಸುತ್ತಿ ಒಂದೊಂದಾಗಿ ಇಳಿಸ್ಬೇಕು, ದಾರ ಕಟ್ಟಿ ಕನೆಕ್ಷನ್ ಕೊಟ್ಟು ವಾರ್ನಿಷ್ ಹಾಕಿ ಒಣಗಿಸ್ಬೇಕು. ಬೋರೊಳಗೆ ಇಳಿಯೋ ನೀರು ತುಂಬೋ ಮೋಟ್ರಾದ್ರೆ ವಾರ್ನಿಷ್ ಇಲ್ಲ, ಪ್ಲಾಸ್ಟಿಕ್ ಹೊದಿಕೆ ಇರೋ ತಂತಿ ಬರುತ್ತೆ. ಕಿತ್ತು, ಎಣಿಸಿ, ಪೇಪರ್ ಕತ್ತರಿಸೋದನ್ನ ಹೊಸಬ ಮೊದಲ ವಾರದಲ್ಲೇ ಮಾಡ್ತಾನೆ, ಅಂದ್ರೆ ಮೊದಲ ವಾರದಿಂದ್ಲೇ ಮಾಲೀಕನಿಗೆ ಉಪಯೋಗಕ್ಕೆ ಬರ್ತಾನೆ, ಕೂಲಿ ಕೇಳೋಕೆ ಸಂಕೋಚ ಬೇಕಿಲ್ಲ. ತೋಟ ಒಣಗ್ತಿರೋ ರೈತ ಯಾರು ಸುತ್ತಿದ್ದು ಅಂತ ಕೇಳಲ್ಲ, ಎಷ್ಟೊತ್ತಿಗೆ ಕೊಡ್ತೀರಿ ಅಂತ ಕೇಳ್ತಾನೆ. ಕೂತು ಮಾಡೋ ಕೆಲಸ, ಜಾಸ್ತಿ ಮಾತು ಬೇಡ, ಒಳಗಿಂದ ಹೊಸದಾಗಿ ಬಂದವರಿಗೆ ಅದೂ ಒಂದು ಅನುಕೂಲ.

ದಾವಣಗೆರೆ ಸಿಟಿ ಒಳಗೇ ಇರೋರಿಗೆ ಹೋಟೆಲ್ ಅಡುಗೆ ಮನೆ. ಬೆಣ್ಣೆ ದೋಸೆ ಅಂಗಡಿಗಳಲ್ಲಿ ಚಟ್ನಿ, ಪಲ್ಯದ ಕೆಲಸದಿಂದ ಶುರು ಮಾಡಿ ಸೌದೆ ಒಲೆ ಕಾವಲಿ ಮುಂದೆ ನಿಲ್ಲೋಕೆ ಟೈಮ್ ಹಿಡಿಯುತ್ತೆ, ಆದ್ರೆ ಊಟ ಅಲ್ಲೇ, ಬಹಳ ಕಡೆ ಮಲಗೋಕೂ ಅಲ್ಲೇ. ಮನೆಯವರು ಬಾಗಿಲು ಹಾಕಿದವನಿಗೆ ಇದಕ್ಕಿಂತ ಬೇಗ ನೆಲೆ ಸಿಗೋ ಕೆಲಸ ಇಲ್ಲ. ವೆಲ್ಡಿಂಗ್, ಟೂ ವೀಲರ್ ಮೆಕ್ಯಾನಿಕ್ ಇವೂ ಸರಿ. ಡ್ರೈವಿಂಗ್ ಬರೋರಿಗೆ ಪ್ಯಾಸೆಂಜರ್ ಬಿಟ್ಟು ಗೂಡ್ಸ್ ಗಾಡಿ ನೋಡಿ. ಎಲ್‌ಎಂವಿ, ಅಂದ್ರೆ ಲಘು ವಾಹನದ ಲೈಸೆನ್ಸ್ ಇದ್ರೆ 7,500 ಕೆಜಿ ಒಳಗಿನ ಸಾಗಣೆ ಗಾಡಿ ಓಡಿಸಬಹುದು, ಬೇರೆ ಟ್ರಾನ್ಸ್‌ಪೋರ್ಟ್ ಅನುಮತಿ ಬೇಕಿಲ್ಲ ಅಂತ 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ.

ಮಾಲೀಕನ ಹತ್ರ ಹೋದಾಗ ದಾನ ಧರ್ಮ ಅಂತ ಮಾತು ತೆಗೀಬೇಡಿ. ನಿಮ್ಗೆ ಜನ ಬೇಕಲ್ವಾ, ನಾವು ಒಬ್ಬನನ್ನ ಕೊಡ್ತೀವಿ, ಮೊದಲ ತಿಂಗಳ ಕೂಲಿ ನಮ್ಮದು, ಬರದೇ ಇದ್ರೆ ಹುಡುಕಿಕೊಂಡು ಹೋಗೋದು ನಮ್ ಜವಾಬ್ದಾರಿ, ಸರಿ ಹೋಗ್ಲಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಹೋಗ್ತೀವಿ, ಇಷ್ಟೇ. ಬ್ರಿಟನ್ನಲ್ಲಿ ಟಿಂಪ್ಸನ್ ಅಂತ ಶೂ ರಿಪೇರಿ, ಕೀ ಮಾಡೋ ಅಂಗಡಿಗಳ ದೊಡ್ಡ ಕಂಪ್ನಿ ಇದೆ, ಅಲ್ಲಿ ಹತ್ತರಲ್ಲಿ ಸುಮಾರು ಒಬ್ಬರು ಜೈಲಿಂದ ಬಂದವರೇ, ಅದನ್ನ ನಡೆಸ್ತಿದ್ದ ಜೇಮ್ಸ್ ಟಿಂಪ್ಸನ್ ಅವರನ್ನ 2024ರಲ್ಲಿ ಅಲ್ಲಿನ ಸರ್ಕಾರ ಜೈಲು ಮಂತ್ರಿಯನ್ನಾಗೇ ಮಾಡಿತು. ನಮ್ ವೈಂಡಿಂಗ್ ಅಂಗಡಿಯವನಿಗೆ ಇದು ಹೇಳಿದ್ರೆ ನಗ್ತಾನೆ, ನಿಮ್ ಟ್ರಸ್ಟಿಗಳಿಗೆ ಹೇಳಿ.

ಎಷ್ಟು ಹೇಳ್ಬೇಕು ಅನ್ನೋದು ಸೂಕ್ಷ್ಮ. ನನ್ನ ಪದ್ಧತಿ ಏನಂದ್ರೆ, ಹುಡುಗನ ಒಪ್ಪಿಗೆ ತಗೊಂಡು ಮಾಲೀಕನಿಗೆ ಮಾತ್ರ ಹೇಳೋದು, ಕೇಸ್ ಯಾವ ಥರದ್ದು ಅಂತ ನೇರವಾಗಿ ಹೇಳೋದು, ಜೊತೆ ಕೆಲಸದವರಿಗೆ ಹೇಳೋದು ಬಿಡೋದು ಅವನಿಗೇ ಬಿಟ್ಟಿದ್ದು. ಮುಚ್ಚಿಟ್ಟು ಸೇರಿಸಿದ್ರೆ ಆಮೇಲೆ ಗೊತ್ತಾಗೇ ಆಗುತ್ತೆ, ದಾವಣಗೆರೆ ಅಷ್ಟೇನು ದೊಡ್ಡ ಊರಲ್ಲ. ಮಹಿಳೆಯರ, ಮಕ್ಕಳ ಮೇಲಿನ ಅಪರಾಧದಲ್ಲಿ ಶಿಕ್ಷೆ ಆದವರನ್ನ ಎಲ್ಲಿ ಸೇರಿಸ್ತೀರಿ ಅನ್ನೋದಕ್ಕೆ ಬೇರೇನೇ ಎಚ್ಚರ ಬೇಕು, ಸ್ಕೂಲು, ಹಾಸ್ಟೆಲ್ ಹತ್ರದ ಕೆಲಸ ಬೇಡ. ಇನ್ನು ವೈಂಡಿಂಗ್ ಅಂಗಡೀಲಿ ಸುಟ್ಟ ತಾಮ್ರ ಅಂದ್ರೆ ದುಡ್ಡು, ಮೂಲೇಲಿ ರಾಶಿ ಬಿದ್ದಿರುತ್ತೆ, ಅರ್ಧ ಕೆಜಿ ಕಮ್ಮಿ ಆದ್ರೂ ಮೊದಲು ಬೆರಳು ಹೋಗೋದು ಇವನ ಕಡೆಗೇ. ಅದಕ್ಕೇ ಸಂಜೆ ಎಲ್ಲರ ಮುಂದೆ ತಾಮ್ರ ತೂಕ ಹಾಕಿ ಬುಕ್ಕಲ್ಲಿ ಬರೆಯೋ ಪದ್ಧತಿ ಮಾಡಿ ಅಂತ ಮಾಲೀಕನಿಗೆ ಮೊದಲ ದಿನವೇ ಹೇಳಿ. ಎಲ್ಲರಿಗೂ ಒಂದೇ ರೂಲು, ಇವನೊಬ್ಬನಿಗೆ ಅಂತ ಅಲ್ಲ.

ಸರ್ಟಿಫಿಕೇಟು ಬೇಡ್ವಾ ಅಂದ್ರೆ, ಬೇಕು, ಆದ್ರೆ ಆಮೇಲೆ. ಅಂಗಡೀಲಿ ಕೈ ಪಳಗಿದ ಮೇಲೆ ಸ್ವಂತ ಮಾಡ್ತೀನಿ ಅನ್ನೋನನ್ನ ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡೋ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಗೆ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಶುರು ಮಾಡಿದ್ದು, ಈ ಮಾದರಿ ನೋಡಿಯೇ ಆಮೇಲೆ ದೇಶದ ಜಿಲ್ಲೆಗಳಲ್ಲೆಲ್ಲ ಆರ್‌ಸೆಟಿ ಅನ್ನೋ ಇಂಥದ್ದೇ ತರಬೇತಿ ಸಂಸ್ಥೆಗಳು ಬಂದಿದ್ದು. ಊಟ, ವಸತಿ, ತರಬೇತಿ ಎಲ್ಲ ಫ್ರೀ, ಮೋಟರ್ ರಿವೈಂಡಿಂಗ್ ಥರದ ಕೋರ್ಸು 30 ದಿನದ್ದು, ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಡ್ತಾರೆ, ಮುಗಿದ ಮೇಲೂ ಎರಡು ವರ್ಷ ವಿಚಾರಿಸ್ತಿರ್ತಾರೆ. ಅಲ್ಲೇ ಉಳಿದು ಕಲಿಯೋದಾದ್ರಿಂದ ಆ 30 ದಿನದಲ್ಲಿ ಕೋರ್ಟ್ ಡೇಟ್ ಬೀಳುತ್ತಾ ಅಂತ ಮೊದಲೇ ನೋಡ್ಕೊಳ್ಳಿ. ಜೈಲಲ್ಲೇ ಕೆಲಸ ಕಲಿತವರಿಗೆ ಆರ್‌ಪಿಎಲ್, ಅಂದ್ರೆ ಬರೋ ಕೆಲಸಕ್ಕೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆ ಇದೆ, ಅದು ಮಾಡಿಸಿದ್ರೆ ಜೈಲಿನ ಸೀಲ್ ಇರೋ ಕಾಗದ ತೋರಿಸೋ ಗ್ರಹಚಾರ ತಪ್ಪುತ್ತೆ. ಬಡಗಿ, ದರ್ಜಿ, ಕಮ್ಮಾರ, ಗಾರೆ ಕೆಲಸದವರಿಗೆ 2023ರ ಸೆಪ್ಟೆಂಬರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆ ನೋಡಿ, 18 ಕಸುಬು ಇದರಲ್ಲಿವೆ, ತರಬೇತಿ ದಿನಕ್ಕೆ 500 ರೂಪಾಯಿ, ಟೂಲ್ ಕಿಟ್ಟಿಗೆ 15,000, ಆಮೇಲೆ 5 ಪರ್ಸೆಂಟ್ ಬಡ್ಡಿಗೆ ಮೊದಲ ಕಂತು 1 ಲಕ್ಷದವರೆಗೆ ಸಾಲ.

ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕ್ತೀನಿ ಅನ್ನೋರು ಒಬ್ಬರಾದ್ರೂ ಬರ್ತಾರೆ. ಫಾರ್ಮಲ್ಲಿ ಕೇಸಿನ ವಿಷಯ ಕೇಳಿದ್ರೆ ಮುಚ್ಚಿಡಬೇಡ ಅಂತ ಹೇಳಿ. ಮುಚ್ಚಿಟ್ಟಿದ್ದೇ ಕಾರಣಕ್ಕೆ ನೇಮಕಾತಿ ರದ್ದು ಆಗಬಹುದು, 2016ರ ಅವತಾರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ಬಿಡಿಸಿ ಹೇಳಿದೆ. ಶಿಕ್ಷೆ ಬದಲು 1958ರ ಪ್ರೊಬೇಶನ್ ಕಾಯ್ದೆಯಡಿ ಬಿಡುಗಡೆ ಆದವರಾದ್ರೆ 12ನೇ ಸೆಕ್ಷನ್ ಅಂತ ಒಂದಿದೆ, ಅಪರಾಧಿ ಅಂತ ಆಗಿದ್ದರಿಂದ ಬರೋ ಅನರ್ಹತೆ ಇವರಿಗೆ ತಟ್ಟಬಾರದು ಅಂತ ಅದರಲ್ಲೇ ಇದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ.

ಪೊಲೀಸರ ವಿಷಯ. ಗಣಪತಿ ಹಬ್ಬ, ಎಲೆಕ್ಷನ್ ಬಂತು ಅಂದ್ರೆ ರೌಡಿ ಶೀಟ್ ಇರೋರನ್ನ, ಎಂಒಬಿ ಅನ್ನೋ ಹಳೇ ಅಪರಾಧಿಗಳ ಪೊಲೀಸ್ ಲಿಸ್ಟಲ್ಲಿರೋರನ್ನ ಠಾಣೆಗೆ ಕರೀತಾರೆ, ಮುಚ್ಚಳಿಕೆ ಬರೆಸ್ಕೋತಾರೆ. ಚಿತ್ರದುರ್ಗದಲ್ಲಿ ಶೋಭಾಯಾತ್ರೆ ಎಷ್ಟು ದೊಡ್ಡದಾಗುತ್ತೆ ಅಂತ ನಿಮಗೂ ಗೊತ್ತು, ಆ ಸೀಸನ್ನಲ್ಲಿ ನಿಮ್ ಹುಡುಗ ಎರಡು ದಿನ ಕೆಲಸಕ್ಕೆ ಬರ್ಲಿಲ್ಲ ಅಂದ್ರೆ ಕುಡಿದು ಬಿದ್ದಿದಾನೆ ಅಂತ ತೀರ್ಮಾನ ಮಾಡೋ ಮುಂಚೆ ಠಾಣೆಗೊಂದು ಫೋನ್ ಮಾಡಿ. ಮೊದಲೇ ಇನ್‌ಸ್ಪೆಕ್ಟರನ್ನ ಒಂದ್ಸಲ ಭೇಟಿಯಾಗಿ, ಇಂಥವನು ಇಂಥ ಕಡೆ ಕೆಲಸ ಕಲಿತಿದಾನೆ ಅಂತ ಟ್ರಸ್ಟಿನ ಲೆಟರ್‌ಹೆಡ್ಡಲ್ಲಿ ಪತ್ರ ಕೊಟ್ಟು ರಿಸೀವ್ಡ್ ಸೀಲ್ ಹಾಕಿಸ್ಕೊಳ್ಳಿ. ಊರಲ್ಲಿ ಎಲ್ಲೋ ಕಳ್ಳತನ ಆದ ರಾತ್ರಿ ಆ ಪತ್ರ ಅವನ ಕೈಯಲ್ಲಿದ್ರೆ ಮಾತಾಡೋಕೆ ಒಂದು ಆಧಾರ ಇರುತ್ತೆ.

ಏರಿಯಾದವರು ಗಲಾಟೆ ಮಾಡ್ತಾರಾ ಅಂತ ಕೇಳಿದೀರಿ. ನೀವು "ಕೈದಿಗಳ ಪುನರ್ವಸತಿ ಕೇಂದ್ರ" ಅಂತ ಬೋರ್ಡ್ ಹಾಕಿದ್ರೆ ಖಂಡಿತ ಮಾಡ್ತಾರೆ. ಬೋರ್ಡೇ ಬೇಡ, ಟ್ರಸ್ಟಿನ ಹೆಸರು ಸಾಕು. ಫ್ಲೆಕ್ಸ್, ಶಾಲು, ಹಾರ, ಗಣ್ಯರ ಜೊತೆ ಸಾಲಾಗಿ ನಿಲ್ಲಿಸಿ ಫೋಟೋ, ಮಾರನೇ ದಿನ ಪೇಪರಲ್ಲಿ, ಇದು ನಮ್ ಕಡೆ ದಾನಕ್ಕೆ ಅಂಟಿಕೊಂಡಿರೋ ರೋಗ. ಆ ಫೋಟೋ ನೋಡಿ ಮಗಳ ಸಂಬಂಧ ಮುರಿದುಬಿದ್ರೆ ಅವನು ಯಾರನ್ನ ಕೇಳ್ಬೇಕು? ಒಂದು ಫೋಟೋನೂ ಬೇಡ. ಡೋನರುಗಳಿಗೆ ಲೆಕ್ಕ ಕೊಡಿ, ಮುಖ ಕೊಡಬೇಡಿ.

ಹೆಣ್ಮಕ್ಕಳು ಕಮ್ಮಿ ಬರ್ತಾರೆ, ಜೈಲಲ್ಲಿರೋರಲ್ಲಿ ಅವರು ನೂರಕ್ಕೆ ನಾಲ್ಕು ಮಂದಿ ಅಷ್ಟೇ. ಆದ್ರೆ ಬಂದವರ ಕಷ್ಟ ಬೇರೆ. ಗಂಡಸು ಬಂದ್ರೆ ಅಮ್ಮನಾದ್ರೂ ಒಳಗೆ ಕರ್ಕೋತಾಳೆ, ಹೆಂಗಸಿಗೆ ತವರೂ ಇಲ್ಲ ಗಂಡನ ಮನೆಯೂ ಇಲ್ಲ. ಅವರಿಗೆ ಕೆಲಸಕ್ಕಿಂತ ಮುಂಚೆ ಇರೋಕೆ ಜಾಗ ಬೇಕು, ಮಹಿಳಾ ಮತ್ತು ಮಕ್ಕಳ ಇಲಾಖೆಯವರನ್ನ ಕೇಳಿ ಕಷ್ಟದಲ್ಲಿರೋ ಹೆಂಗಸರಿಗೆ ಇರೋಕೆ ಜಾಗ ಕೊಡೋ ಶಕ್ತಿ ಸದನದ ದಾರಿ ಮೊದಲು ಮಾಡ್ಕೊಂಡು ಆಮೇಲೆ ಕೈ ಹಾಕಿ, ನಿಮ್ಮ ಗುಂಪಲ್ಲಿ ಮಹಿಳೆಯರಿಲ್ಲದಿದ್ರೆ ಸದ್ಯಕ್ಕೆ ಬೇಡ. ಕುಡಿತ ಬಿಡೋಕಾಗದವರನ್ನ ಬೈದು ಕಳಿಸ್ಬೇಡಿ, ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ರಾತ್ರಿ ಹೊತ್ತು ಯಾರಾದ್ರೂ ತೀರಾ ಕುಗ್ಗಿ ಮಾತಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಚ್ಚಿಕೊಡಿ.

ಕೊನೇದು, ಜನ ಎಲ್ಲಿ ಸಿಗ್ತಾರೆ ಅನ್ನೋದು. ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಇರುತ್ತೆ, ಕಸ್ಟಡಿಯಲ್ಲಿರೋರಿಗೆ ಉಚಿತ ವಕೀಲರನ್ನ ಕೊಡೋದು ಅವರ ಕೆಲಸ, ಸಹಾಯವಾಣಿ 15100. ಅಲ್ಲಿಂದ ಜೈಲಿಗೆ ಹೋಗೋ ಪ್ಯಾನಲ್ ವಕೀಲರಿಗೆ ಯಾರಿಗೆ ಬೇಲ್ ಆಗೋ ಹಂತದಲ್ಲಿದೆ ಅಂತ ಗೊತ್ತಿರುತ್ತೆ. ಮೊದಲು ಅಲ್ಲಿನ ಕಾರ್ಯದರ್ಶಿಯವರಿಗೆ ಒಂದು ಪತ್ರ, ಆಮೇಲೆ ಜೈಲ್ ಸೂಪರಿಂಟೆಂಡೆಂಟಿಗೆ ಒಂದು ಪತ್ರ, ಬಿಡುಗಡೆ ಮುಂಚೆ ಒಂದ್ಸಲ ಭೇಟಿಗೆ ಪರ್ಮಿಷನ್ ಕೇಳಿ. ಭೇಟಿಯಲ್ಲಿ ಉಪದೇಶ ಬೇಡ, ಮೂರು ವಿಷಯ ಕೇಳಿ ಬರ್ಕೊಳ್ಳಿ: ಏನ್ ಕೆಲಸ ಬರುತ್ತೆ, ಬಂದ್ರೆ ಎಲ್ಲಿ ಮಲಗ್ತೀಯ, ಮುಂದಿನ ಡೇಟ್ ಯಾವತ್ತು. ಆದ್ರೆ ಈ ಪತ್ರ ಬರೆಯೋ ಮುಂಚೆ ಕನಿಷ್ಠ ಮೂರು ಅಂಗಡಿಯವರ ಬಾಯಲ್ಲಿ ಹೂಂ ಅನ್ನಿಸಿಕೊಂಡಿರಿ, ವೈಂಡಿಂಗ್ ಅಂಗಡಿಗಳಿಗಾದ್ರೆ ಈಗ್ಲೇ ಹೋಗಿ, ಬೇಸಿಗೆ ಶುರುವಾದ್ರೆ ಅವರು ನಿಮ್ಮ ಹತ್ರ ನಿಂತು ಮಾತಾಡೋಕೂ ಸಿಗಲ್ಲ.